ನಾಗಲಿಂಗನ ಕಾಲಿಗೆ ತೆಗೆದ ಕುಣಿ

ಪಾರಿಶ್ವಾಡದಲ್ಲಿ ಸತ್ತವರಿಗೆ ಕೂರಲು ಜಾಗ ಮಾಡಿಕೊಡುವವನು ನಾಗಲಿಂಗ. ಲಿಂಗಾಯತರ ಹೆಣ ಮಲಗುವುದಿಲ್ಲ, ಕೂರುತ್ತದೆ. ಅದಕ್ಕೆ ಚೌಕದ ಕುಣಿ ಬೇಕು, ಇಳಿಯಲು ಮೆಟ್ಟಿಲು ಬೇಕು, ಹೆಣ ಬೆನ್ನು ಆನಿಸಿ ಕೂರುವಂಥ ಗೂಡು ಒಂದು ಗೋಡೆಯಲ್ಲಿ ಬೇಕು. ಇಷ್ಟನ್ನು ಅಗೆಯುವುದು ಕೆಳಗೇರಿಯ ಪಾಲು. ಅಗೆದು ಮುಗಿದ ಮೇಲೆ ಅಯ್ಯನವರು ಇಳಿಯುತ್ತಾರೆ. ಮಠದ ಚನ್ನಬಸಯ್ಯ ತಮ್ಮ ಪಾದವನ್ನು ಹೆಣದ ತಲೆಯ ಮೇಲಿಟ್ಟು ಹೇಳಬೇಕಾದ್ದನ್ನು ಹೇಳಿ ಮೇಲೆ ಬಂದರೆ, ಮಣ್ಣೆಳೆದು ಅದರ ಮೇಲೆ ನಿಂತು ಹಿಮ್ಮಡಿಯಿಂದ ತುಳಿದು ಗಟ್ಟಿ ಮಾಡುವುದು ಮತ್ತೆ ನಾಗಲಿಂಗ. ಒಂದೊಂದು ಸಾವಿಗೂ ಎರಡು ಪಾದ ಬೇಕು. ಒಂದನ್ನು ತೊಳೆದ ನೀರನ್ನು ಜನ ತೀರ್ಥ ಅಂತ ಕುಡಿಯುತ್ತಾರೆ. ಇನ್ನೊಂದನ್ನು ಯಾರೂ ನೋಡುವುದಿಲ್ಲ.

ಅವನಪ್ಪನ ಕಾಲದಲ್ಲಿ ಕುಣಿ ತೆಗೆದವನು ದೂರ ಹೋಗಿ ಬೇಲಿಯ ಬಾಜು ನಿಲ್ಲಬೇಕಿತ್ತು. ನಾಗಲಿಂಗ ಹರೆಯದಲ್ಲಿದ್ದಾಗ ದಲಿತ ಸಂಘದವರು ಬಂದು ಕೇರಿಯಲ್ಲಿ ಸಭೆ ಮಾಡಿ ಗುದ್ದಲಿ ಮೂಲೆಗಿಡಿಸಿದರು. ಒಂದು ಮಳೆಗಾಲ ಊರಿನ ಹೆಣಗಳು ಪಡಬಾರದ ಪಾಡು ಪಟ್ಟವು. ಕೊನೆಗೆ ಚನ್ನಬಸಯ್ಯನವರೇ ಕೇರಿಗೆ ಬಂದು ಕಟ್ಟೆಯ ಮೇಲೆ ಕುಂತರು. ನಾಗಲಿಂಗ ಗುದ್ದಲಿ ಎತ್ತಿದ, ಆದರೆ ಬೇಲಿಯ ಕಡೆ ಹೋಗುವುದನ್ನು ಬಿಟ್ಟ. ಅವತ್ತಿನಿಂದ ಕುಣಿಯ ಅಂಚಿನಲ್ಲೇ ನಿಲ್ಲುತ್ತಾನೆ. ಸತ್ತವರ ಕಡೆಯವರು ಮುಖ ಗಂಟಿಕ್ಕುತ್ತಾರೆ. ಗಂಟು ಅವರದು, ಅವರೇ ಬಿಚ್ಚಿಕೊಳ್ಳುತ್ತಾರೆ ಅನ್ನುವುದು ಅವನ ಲೆಕ್ಕ.

ದೇವರನ್ನು ಅವನು ಅಷ್ಟಾಗಿ ನಂಬಿದವನಲ್ಲ. ದೆವ್ವವನ್ನೂ ನಂಬಿದವನಲ್ಲ. ಹೆಣದ ನಡುವೆ ಬದುಕಿದವನಿಗೆ ದೆವ್ವ ಅಂದರೆ ನಗು. ಆದರೆ ಅಪ್ಪ ಕಲಿಸಿದ ಒಂದು ಮಾತನ್ನು ಮಾತ್ರ ಮೀರುತ್ತಿರಲಿಲ್ಲ: ತೆಗೆದ ಕುಣಿಯನ್ನು ಬರಿದೇ ಮುಚ್ಚಬಾರದು. ಬಾಯಿ ತೆರೆಸಿದ ಮೇಲೆ ಏನಾದರೂ ಹಾಕಬೇಕು.

ಈ ಮಾತಿಗೆ ಊರೇ ಸಾಕ್ಷಿ ಇತ್ತು. ದೊಡ್ಡಮನೆಯ ಗಂಗಾದೇವಿ ಆಯಿ ಉಸಿರು ಎಳೆಯುತ್ತಿದ್ದಾಗ, ಇನ್ನೇನು ಹೊತ್ತು ಮುಳುಗುವುದರೊಳಗೆ ಮುಗಿಯುತ್ತದೆ ಅಂತ ಕುಣಿ ತೆಗೆಸಿದರು. ಮುದುಕಿ ಸಂಜೆ ಎದ್ದು ಕುಂತು ಚಹಾ ಕೇಳಿತು. ಮನೆಯವರಿಗೆ ಹಬ್ಬ. ನಾಗಲಿಂಗ ಹೋಗಿ, "ಒಂದು ಬಾಳಿದಿಂಡಿಗೆ ಅರಿವಿ ಸುತ್ತಿ ಕೊಡ್ರಿ, ಅದರೊಳಗ ಕುಂದರಿಸಿ ಮುಚ್ಚತೀನಿ" ಅಂದ. "ಬದುಕಿದಾಕಿ ಹೆಸರಿಲೆ ದಿಂಡು ಮಣ್ಣ ಮಾಡತೀಯೇನೋ" ಅಂತ ಬೈದು ಕಳಿಸಿದರು. ಗಂಗಾದೇವಿಯ ತಮ್ಮ, ಮುದುಕಿಯನ್ನು ನೋಡಲು ಬಂದವನು, ಕಬ್ಬಿನ ಹೊರೆ ಒಬ್ಬನೇ ಎತ್ತುವಂಥ ಗಂಡಸು, ಉಣ್ಣುತ್ತ ಕುಂತಲ್ಲೇ ಪಕ್ಕಕ್ಕೆ ವಾಲಿದ. ಬೇರೆ ಕುಣಿ ತೆಗೆಯುವ ಕೆಲಸ ಬೀಳಲಿಲ್ಲ. ಗೂಡು ಕೂಡ ಅವನ ಬೆನ್ನಿಗೆ ಅಳತೆ ತೆಗೆದು ಕಡೆದ ಹಾಗೆ ಇತ್ತು. ಗಂಗಾದೇವಿ ಆಯಿ ಇನ್ನೂ ಇದ್ದಾಳೆ, ಚಹಾ ಕುಡಿಯುತ್ತಾಳೆ.

ನಾಗಲಿಂಗನಿಗೆ ಸಕ್ಕರೆ ಕಾಯಿಲೆ ಬಂದಿದ್ದು ಯಾವಾಗಲೋ, ಗೊತ್ತಾಗಿದ್ದು ಯಾವಾಗಲೋ. ಎರಡೂ ಕಾಲು ಜೋಮು ಹಿಡಿದಂತಾಗಿ, ಆ ಜೋಮು ಬಿಡದೆ ಅಲ್ಲೇ ಮನೆ ಮಾಡಿತು. ಎಡಗಾಲಿನ ಹಿಮ್ಮಡಿ ಬಿರಿದು ಬಾಯಿ ಬಿಟ್ಟಿತು. ಮುಳ್ಳು ಚುಚ್ಚಿದರೆ ತಿಳಿಯದು, ಕಲ್ಲು ತಾಗಿದರೆ ತಿಳಿಯದು. ಹೆಂಡತಿ ನಿಂಗವ್ವ ತನಗೆ ಗೊತ್ತಿದ್ದ ಮದ್ದು ತೆಗೆದಳು. ಕೇರುಬೀಜ, ಖಾನಾಪುರದ ಮರಾಠಿ ಮಂದಿ ಅದಕ್ಕೆ ಬಿಬ್ಬಾ ಅನ್ನುತ್ತಾರೆ, ಅಗಸರು ಬಟ್ಟೆಗೆ ಅಳಿಯದ ಗುರುತು ಹಾಕುವುದು ಅದರಿಂದಲೇ. ಬೀಜವನ್ನು ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದರೆ ಕಪ್ಪು ಎಣ್ಣೆ ತೊಟ್ಟಿಕ್ಕುತ್ತದೆ. ಬಿರುಕಿಗೆ ಮಾತ್ರ ಬಿಡಬೇಕಾದ ಎಣ್ಣೆಯನ್ನು, ಜೋಮು ಪಾದದ ತುಂಬ ಇದೆಯಲ್ಲ ಅಂತ, ಎಳ್ಳೆಣ್ಣೆ ಬೆರೆಸಿ ಪಾದದ ತುಂಬ ಬಳಿದಳು. "ರಕ್ತಾ ಎಳಕೊಂಡು ಬರತೈತಿ, ಸುಮ್ಮನ ಕುಂದರ್ರಿ" ಅಂದಳು. ಪಾದ ಹೆಂಚಿನ ತಳದ ಹಾಗೆ ಕಪ್ಪಾಯಿತು. ನೋವಂತೂ ಇರಲಿಲ್ಲ, ನೋವು ಅನ್ನುವುದು ಆ ಪಾದ ಬಿಟ್ಟು ಎಂದೋ ಹೋಗಿತ್ತು.

ಅದೇ ಹೊತ್ತಿಗೆ ಬೆಳಗಾವಿಯ ಒಂದು ಆಸ್ಪತ್ರೆಯವರು ಖಾನಾಪುರದಲ್ಲಿ ಸಕ್ಕರೆ ಕಾಯಿಲೆಯವರ ಕಾಲು ನೋಡುವ ಶಿಬಿರ ಮಾಡಿದರು. ಗಂಡ ಹೆಂಡತಿ ಬಸ್ಸು ಹತ್ತಿ ಹೋದರು. ಸಾಲಿನಲ್ಲಿ ಮುಂದಿದ್ದ ಹೆಂಗಸೊಬ್ಬಳು ಗಾಯಕ್ಕೆ ಬೂದಿ ಮೆತ್ತಿಕೊಂಡು ಬಂದಿದ್ದಳು. ನರ್ಸು ಅವಳನ್ನು ನಾಲ್ಕು ಮಂದಿಯ ಎದುರು, ನಾಯಿ ಮುಟ್ಟಿದ ಗಡಿಗೆಯನ್ನು ಬೈಯುವ ಹಾಗೆ ಬೈದಳು. ನಿಂಗವ್ವ ಅದನ್ನು ನೋಡಿ ಸೆರಗು ಬಾಯಿಗೆ ಹಿಡಿದಳು.

ಒಳಗೆ ಕಪ್ಪು ಪರದೆ ಕಟ್ಟಿದ ಸಣ್ಣ ಕೋಣೆ. ಹಗಲು ಹೊತ್ತಿನಲ್ಲೂ ಅಲ್ಲಿ ಬೇರೆ ಹೊತ್ತು. ಎರಡೂ ಪಾದ ಮುಂದೆ ಚಾಚಿಸಿ ಕೂರಿಸಿದರು. ಎದುರಿಗೆ ಗಳದ ಮೇಲೆ ಒಂದು ಕ್ಯಾಮೆರಾ, ಅದರ ಸುತ್ತ ಸಣ್ಣ ಸಣ್ಣ ದೀಪಗಳ ಬಳೆ. ಯಂತ್ರ ನಡೆಸುವ ಹುಡುಗಿ ಪ್ರಾಜಕ್ತಾ, ಬೆಳಗಾವಿಯ ಅನಗೋಳದವಳು. ಮನೆಯಲ್ಲಿ ಮರಾಠಿ, ಕೆಲಸದಲ್ಲಿ ಕನ್ನಡ.

"ಮುಟ್ಟೂದಿಲ್ರಿ ಕಾಕಾ, ಹೆದರಬ್ಯಾಡ್ರಿ. ದೂರದಿಂದನ ನೋಡತದ ಇದು."

"ಮುಟ್ಟದ ನೋಡವ್ರು ನಮಗೇನ ಹೊಸಬ್ರಲ್ಲವ್ವ" ಅಂದ ನಾಗಲಿಂಗ.

ಹುಡುಗಿ ನಕ್ಕಳು. ಅವಳಿಗೆ ಅರ್ಥವಾಗಲಿಲ್ಲ, ಅದು ಅವಳ ಪುಣ್ಯ.

"ಏನ ನೋಡತೈತಿ ಅದು?"

"ಚರ್ಮದ ಒಳಗ ಉಸಿರು ಎಷ್ಟ ಮುಟ್ಟೇದ ಅಂತ, ಕಾಕಾ. ಆಕ್ಸಿಜನ್. ಉಸಿರ ತುಂಬಿದ ರಕ್ತ ಬೆಳಕನ್ನ ಒಂದ ನಮೂನಿ ತಿರುಗಿ ಕಳಸತದ, ಉಸಿರ ತೀರಿದ ರಕ್ತ ಇನ್ನೊಂದ ನಮೂನಿ. ಇದು ಅದನ್ನ ಬಣ್ಣಾ ಮಾಡಿ ತೋರಸತದ. ಕೆಂಪ ಬಂದ್ರ ಜೀವ ಅದ. ನೀಲಿ ಬಂದ್ರ..." ಅಂತ ಅವಳು ಮಾತು ತಿರುಗಿಸಿದಳು. "ಕಾಲಿಗೆ ಏನರೆ ಹಚ್ಚೀರೇನ್ರಿ? ಎಣ್ಣಿ, ಔಷಧ? ಮ್ಯಾಲ ಬಣ್ಣಾ ಇದ್ರ ಕ್ಯಾಮೆರಾ ಮೋಸ ಹೋಗತದ. ಖರೇ ಹೇಳ್ರಿ."

ನಾಗಲಿಂಗ ಹೆಂಡತಿಯ ಕಡೆ ನೋಡಿದ. ನಿಂಗವ್ವ ನೆಲ ನೋಡಿದಳು. ನರ್ಸಿನ ಬಾಯಿ ಪರದೆಯಾಚೆ ಇನ್ನೂ ಕೇಳುತ್ತಿತ್ತು.

"ಏನೂ ಹಚ್ಚಿಲ್ಲವ್ವ. ಮಣ್ಣಿನ್ಯಾಗ ದುಡಿಯೋ ಕಾಲು, ಹಿಂಗ ಅದಾವು."

ದೀಪಗಳು ಹತ್ತಿದವು, ಆರಿದವು, ಹತ್ತಿದವು. ಪ್ರಾಜಕ್ತಾ ಯಂತ್ರದ ಪಡದೆಯನ್ನು ಅವನ ಕಡೆ ತಿರುಗಿಸಿದ್ದು ತೋರಿಸಬೇಕೆಂದಲ್ಲ, ಡಾಕ್ಟರಿಗೆ ಕಾಣಲಿ ಎಂದು. ಅವನಿಗೂ ಕಂಡಿತು. ಬಲಪಾದ ಕೆಂಡದ ಹಾಗೆ ಕೆಂಪಾಗಿ ಕಾಣಿಸಿತು. ಎಡಗಡೆ ಪಾದವೇ ಇರಲಿಲ್ಲ. ಇದ್ದದ್ದು ಪಾದದ ಆಕಾರದ ಒಂದು ನೀಲಿ. ಅಂಚು ತಿಳಿನೀಲಿ, ಒಳಗೊಳಗೆ ಹೋದಂತೆ ಕಪ್ಪು. ಮೇಲೆ ನಿಂತು ಕುಣಿಯೊಳಗೆ ಬಗ್ಗಿ ನೋಡಿದರೆ ಹೇಗೆ ಕಾಣುತ್ತದೋ ಹಾಗೆ. ಬದುಕೆಲ್ಲ ಕುಣಿ ತೆಗೆದವನಿಗೆ ಕುಣಿಯ ಗುರುತು ಹತ್ತದೆ ಇರುತ್ತದೆಯೇ? ಹೆಬ್ಬೆರಳು ಅಲ್ಲಾಡಿಸಿ ನೋಡಿದ. ಅದು ಅಲ್ಲಾಡಿತು. ಪಡದೆಯಲ್ಲಿ ಆ ಕಪ್ಪೂ ಅಲ್ಲಾಡಿತು.

ಡಾಕ್ಟರ್ ಹೃಷೀಕೇಶ ಒಳ್ಳೆಯ ಮನುಷ್ಯ, ಆದರೆ ಹೊರಗೆ ಸಾಲು ರಸ್ತೆತನಕ ಇತ್ತು. ಕಪ್ಪು ಪಾದ ನೋಡಿದರು, ಕಪ್ಪು ಚಿತ್ರ ನೋಡಿದರು. ಎರಡೂ ಒಂದೇ ಮಾತು ಹೇಳುತ್ತಿದ್ದವು. "ಯಜಮಾನ್ರ, ಕೊಳತದ ಹಂಗ ಕಾಣಸತದ. ಮುಂದಿನ ವಾರ ಬೆಳಗಾವಿಗೆ ಬರ್ರಿ. ಇನ್ನೊಮ್ಮೆ ಕ್ಯಾಮೆರಾದಾಗ ನೋಡಿ ಎಲ್ಲೀ ಮಟಾ ತೆಗೀಬೇಕು ಅಂತ ಗೆರಿ ಹಾಕೂಣು. ತೆಗಿಯೂದಂತೂ ಬರಬಹುದು, ಮನಸ್ಸು ಗಟ್ಟಿ ಮಾಡ್ರಿ."

ಬಸ್ಸಿನಲ್ಲಿ ನಿಂಗವ್ವ, "ಬಿಬ್ಬಾ ಹಚ್ಚಿದ್ದು ಹೇಳಬೇಕಿತ್ತೋ ಏನೋ" ಅಂದಳು.

"ಬಿಬ್ಬಾ ಹಚ್ಚಿದ್ದು ಮ್ಯಾಲ. ಅದು ನೋಡಿದ್ದು ಒಳಗ. ನಾ ನೋಡೇನಿ" ಅಂದ. ಮತ್ತೆ ಆ ಮಾತು ತೆಗೆಯಲಿಲ್ಲ. ಅವನಿಗೆ ಯಂತ್ರದ ಮೇಲೆ ನಂಬಿಕೆ ಹುಟ್ಟಿತ್ತು. ಅವನ ಸ್ವಂತ ಕೆಲಸದ ಭಾಷೆಯಲ್ಲಿ ಅವನ ಜೊತೆ ಮಾತಾಡಿದ ಮೊದಲ ಯಂತ್ರ ಅದು.

ಕಾಲು ಹೋದರೆ ಏನು ಹೋಗುತ್ತದೆ ಅಂತ ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಒಂಟಿ ಕಾಲಿನವನು ಕುಣಿಗೆ ಇಳಿಯಲಾರ, ಇಳಿದರೆ ಹತ್ತಲಾರ. ಕುಣಿ ತೆಗೆಯದ ನಾಗಲಿಂಗ ಮತ್ತೆ ಬೇಲಿಯ ಬಾಜು. ಇಷ್ಟು ವರ್ಷ ಅಂಚಿನಲ್ಲಿ ನಿಂತಿದ್ದು ಈ ಎರಡು ಪಾದದ ಮೇಲೆಯೇ. ಇನ್ನೊಂದು ಮಾತಿತ್ತು. ಅವನ ಜನರಲ್ಲಿ ಕಡಿದ ಅಂಗವನ್ನು ಆಸ್ಪತ್ರೆಯಲ್ಲಿ ಬಿಟ್ಟು ಬರುವ ಪದ್ಧತಿ ಇಲ್ಲ. ಪಕ್ಕದ ಬೀಡಿ ಊರಿನ ಒಬ್ಬನ ಕಾಲು ಟ್ರ್ಯಾಕ್ಟರಿಗೆ ಸಿಕ್ಕು ಹೋದಾಗ, ನಾಗಲಿಂಗನೇ ಅದನ್ನು ಅವರ ಜಾಗದಲ್ಲಿ ಮಣ್ಣು ಮಾಡಿದ್ದ. ಮುಂದೆ ಉಳಿದದ್ದು ಅಲ್ಲಿಗೇ ಬಂದು ಸೇರಬೇಕು, ಇಲ್ಲದಿದ್ದರೆ ಸತ್ತ ಮೇಲೂ ಹುಡುಕುತ್ತ ಅಲೆಯುವುದಾಗುತ್ತದೆ. ಈಗ ತನ್ನ ಕಾಲಿಗೆ ಕುಣಿ ತೆಗೆಯುವವರು ಯಾರು? ಊರಲ್ಲಿ ಈ ಕೆಲಸ ಬಲ್ಲವನು ತಾನೊಬ್ಬನೇ. ಕಾಲು ಇರುವಾಗಲೇ ಅಗೆದಿಡಬೇಕು.

ನಿಂಗವ್ವ ಬಾಗಿಲಿಗೆ ಅಡ್ಡ ನಿಂತಳು. "ಜೀವ ಇದ್ದದ್ದಕ್ಕ ಕುಣಿ ತಗೀತೀರಿ? ಗಂಗಾದೇವಿ ಆಯೀದು ನೆಪ್ಪಿಲ್ಲೇನು?"

"ಆಕಿ ಎದ್ದ ಕುಂತಳು. ಇದು ಏಳೂದಿಲ್ಲ. ಸರಿ ಆ ಕಡೆ."

ಮಟಮಟ ಮಧ್ಯಾಹ್ನ. ಕೆಳಗೇರಿಯವರ ಹೂಳುವ ಜಾಗ ಹಳ್ಳದ ದಂಡೆಯಲ್ಲಿ. ಆ ಹೊತ್ತಿಗೆ ಅಲ್ಲಿ ಕಾಗೆ ಕೂಡ ಕೂಗುವುದಿಲ್ಲ. ತನ್ನ ಅಪ್ಪನನ್ನು ಹೂಳಿದ ಗುಪ್ಪೆಯ ಪಕ್ಕದಲ್ಲಿ ಹಾರೆಯಿಂದ ಗೆರೆ ಎಳೆದ. ಒಂದು ಕಾಲಿಗೆ ಎಷ್ಟು ಕುಣಿ ಬೇಕು? ಅಳತೆಗೆ ತಾನೇ ಮಲಗಿ, ಕಾಲು ಚಾಚಿ, ಮೊಣಕಾಲ ಮಟ್ಟಕ್ಕೆ ಗುರುತು ಹಾಕಿದ. ನರಿ ತೋಡಬಾರದು ಅಂತ ಆಳ ಮಾತ್ರ ಮನುಷ್ಯನಿಗೆ ತೆಗೆಯುವಷ್ಟೇ ತೆಗೆದ. ಕೈ ಒಂದೇ ಸಮ ನಡೆಯಿತು. ಕಣ್ಣು ಮಾತ್ರ ಎಡಪಾದ ಬಿಟ್ಟು ಆಚೆ ಹೋಗಲಿಲ್ಲ. ತಾನು ಅಗೆಯುತ್ತಿದ್ದಾನೆ, ಯಾರಿಗಾಗಿ ಅಗೆಯುತ್ತಿದ್ದಾನೋ ಅದು ಪಕ್ಕದಲ್ಲೇ ನಿಂತು ನೋಡುತ್ತಿದೆ. ಇಷ್ಟು ಕುಣಿ ತೆಗೆದಿದ್ದಾನೆ, ಹೂಳಿಸಿಕೊಳ್ಳುವವನು ಬಂದು ಹೀಗೆ ಜೊತೆಗೆ ನಿಂತದ್ದು ಇದೇ ಮೊದಲು. ಒಂದು ಸಲ ಹಾರೆ ಕಲ್ಲಿಗೆ ಬಡಿದು ಜಾರಿತು. ಎತ್ತಿ ಮತ್ತೆ ಹಾಕಿದ.

ಮುಗಿದು ಮೇಲೆ ಬರಲು ಕೈ ಊರಿದಾಗ ಕುಣಿಯ ತಳದ ಮಣ್ಣು ಒದ್ದೆ ಕಂಡಿತು. ನೀರು ಅನ್ನಲು ಅದು ನೀರಿನ ಬಣ್ಣವಲ್ಲ. ಬೆರಳಿಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. ರಕ್ತ, ಬಿಸಿ ರಕ್ತ.

ಸತ್ತ ಕಾಲು ರಕ್ತ ಕೊಡುವುದಿಲ್ಲ. ಇದು ಅವನಿಗಿಂತ ಹೆಚ್ಚು ಯಾರಿಗೆ ಗೊತ್ತು? ಎಡಪಾದವನ್ನು ಎರಡೂ ಕೈಯಲ್ಲಿ ಹಿಡಿದು ಹಳ್ಳದ ನೀರಲ್ಲಿ ಉಜ್ಜಿದ. ಕಪ್ಪು ಚರ್ಮ ಹಾವಿನ ಪೊರೆಯ ಹಾಗೆ ಸುಲಿದು ಕೈಗೆ ಬಂತು. ಕೇರೆಣ್ಣೆ ಸುಟ್ಟ ಮೇಲ್ಚರ್ಮ. ಅದರ ಕೆಳಗೆ ಹುಟ್ಟಿದ ಕೂಸಿನ ಅಂಗಾಲಿನಂಥ ಎಳೆಗೆಂಪು. ಸುಲಿದ ಜಾಗದಲ್ಲಿ ಅಲ್ಲಲ್ಲಿ ಜಿನುಗು ಕೂಡ ಇತ್ತು. ರಕ್ತ ಇಲ್ಲಿಂದಲೇ ಬಂದಿದ್ದು ಅಂದುಕೊಂಡ. ಹೆಗಲ ಟವಲು ಹರಿದು ಎಡಪಾದಕ್ಕೆ ಸುತ್ತಿದ. ಬಲಗಾಲನ್ನು ಚಪ್ಪಲಿಗೆ ತೂರಿಸಿ ಮನೆಗೆ ಬಂದ. ಬಲಗಾಲನ್ನು ಅವನು ನೋಡಲೇ ಇಲ್ಲ. ನೋಡಲು ಅದು ಏನಾದರೂ ಹೇಳಬೇಕಿತ್ತು, ಅದು ತುಟಿ ಬಿಚ್ಚಲಿಲ್ಲ.

ಮರುದಿನ ದಾರಿಯಲ್ಲಿ ಚನ್ನಬಸಯ್ಯ ಸಿಕ್ಕರು. ಸುದ್ದಿ ಅವರ ಮಠಕ್ಕೂ ಮುಟ್ಟಿತ್ತು.

"ಏನೋ ನಾಗ್ಯಾ, ಕಾಲಿಗೆ ಕುಣಿ ತಗದೀಯಂತ?"

"ತಗದೇನ್ರಿ ಅಯ್ಯಾರ. ಆದ್ರ ಕಾಲು ಜೀವ ಹಿಡದಂಗ ಕಾಣಸತೈತಿ."

ಅಯ್ಯ ಹಳ್ಳದ ಕಡೆ ನೋಡಿದರು. "ಕುಣಿ ಮುಚ್ಚೀಯೇನು?"

"ಇನ್ನ ಇಲ್ರಿ. ಬೆಳಗಾವ್ಯಾಗ ಏನಂತಾರೋ ಕೇಳಿ..."

"ನನಗ ಮಂತ್ರ ಗೊತ್ತು, ನಿನಗ ಮಣ್ಣ ಗೊತ್ತು. ನಾ ಏನ ಹೇಳೂದು?" ಅಂದು ಅಯ್ಯ ನಡೆದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಅವನ ಪಾದಗಳನ್ನು ನೋಡಿದರು. ಇಷ್ಟು ವರ್ಷದಲ್ಲಿ ಅವರು ಅತ್ತ ನೋಡಿದ್ದು ಅದೇ ಮೊದಲು.

ಬೆಳಗಾವಿಯ ಆಸ್ಪತ್ರೆಯಲ್ಲೂ ಅದೇ ಕಪ್ಪು ಪರದೆ, ಅದೇ ದೀಪದ ಬಳೆ, ಅದೇ ಪ್ರಾಜಕ್ತಾ. ಎಡಗಾಲಿನ ಬಟ್ಟೆ ಬಿಚ್ಚಿದಾಗ ಅವಳು ಹುಬ್ಬು ಮೇಲೆ ಮಾಡಿದಳು. ಬಲಗಾಲಿನ ಚಪ್ಪಲಿ ತಾನೇ ಬಿಚ್ಚಲು ಬಗ್ಗಿದವಳು, ಮೂಗಿಗೆ ಏನೋ ಬಡಿದಂತಾಗಿ ನಿಂತಳು, ಹೋಗಿ ಯಂತ್ರದ ಹಿಂದೆ ಕುಂತಳು. ದೀಪಗಳು ಹತ್ತಿದವು, ಆರಿದವು, ಹತ್ತಿದವು.

ಪಡದೆಯ ಮೇಲೆ ಎಡಪಾದ ಬಂದಿತ್ತು. ಪೂರಾ ಪಾದ, ಹಿಮ್ಮಡಿಯಿಂದ ಬೆರಳಿನ ತುದಿಯವರೆಗೆ ಕೆಂಪು, ಅಂಚಿನಲ್ಲಿ ಹಳದಿ.

ಡಾಕ್ಟರ್ ಚಿತ್ರ ನೋಡಿದರು, ಕಾಲು ನೋಡಿದರು, ಬೆರಳಿಂದ ಒತ್ತಿ ನೋಡಿದರು. "ಇದಕ್ಕ ಏನ ಹಚ್ಚಿದ್ರಿ? ಈಗರೆ ಖರೇ ಹೇಳ್ರಿ."

"ಕೇರೆಣ್ಣಿರಿ. ಬಿಬ್ಬಾ."

"ಅವತ್ತ ಯಾಕ ಹೇಳಲಿಲ್ಲ?"

"ಬೈತೀರಿ ಅಂತ."

"ಬೈತಾರ ಅಂತ ಹೇಳಿ ಕಾಲ ಕೊಡಾಕ ತಯಾರಾಗಿದ್ರೇನು?"

"ಬೈಗಳ ದಿನಾ ತಿನ್ನೂದು ಐತ್ರಿ ಸಾಹೇಬ್ರ. ಕಾಲು ಒಂದ ಸಲ ಹೋಗೂದು."

ನಿಂಗವ್ವ ಮೂಲೆಯಲ್ಲಿ ನಿಂತು ಅಳುತ್ತ ನಗುತ್ತಿದ್ದಳು. ನಾಗಲಿಂಗನಿಗೆ ನಗು ಬರಲಿಲ್ಲ. ಕಾಲು ಉಳಿಯಿತು ಅಂತ ಕಿವಿಗೆ ಬಿದ್ದ ಕ್ಷಣ ಅವನ ತಲೆಗೆ ಬಂದದ್ದು ಒಂದೇ: ಅಲ್ಲಿ ಕುಣಿ ಬಾಯಿ ತೆರೆದು ಕುಂತಿದೆ.

"ಸರ್" ಅಂದಳು ಪ್ರಾಜಕ್ತಾ. ಅವಳ ದನಿ ಸಣ್ಣದಾಗಿತ್ತು. "ಬಲಗಾಲ ನೋಡ್ರಿ."

ಪಡದೆಯ ಇನ್ನೊಂದು ಬದಿಯಲ್ಲಿ, ಕೆಂಪು ಪಾದದ ಹೊರ ಅಂಚಿನಲ್ಲಿ, ಕೊನೆಯ ಎರಡು ಬೆರಳು ಇರಲಿಲ್ಲ. ಅವು ಇರಬೇಕಾದಲ್ಲಿ ನೀಲಿ, ನೀಲಿಯ ಒಳಗೆ ಕಪ್ಪು. ನಾಗಲಿಂಗ ಬಗ್ಗಿ ತನ್ನ ಬಲಗಾಲನ್ನು, ಕುಣಿ ತೆಗೆದ ದಿನದಿಂದ ಮೊದಲ ಸಲ, ಕಣ್ಣು ಬಿಟ್ಟು ನೋಡಿದ. ಎರಡು ಬೆರಳು ಜಜ್ಜಿಹೋಗಿ, ಊದಿ, ಬಣ್ಣ ತಿರುಗಿ, ವಾಸನೆ ಹಿಡಿದಿದ್ದವು. ಹಾರೆ ಜಾರಿದ್ದು ಅವನಿಗೆ ಆಗ ನೆನಪಾಯಿತು. ಅದು ಎಲ್ಲಿ ಬಿತ್ತು ಅಂತ ಅವನು ನೋಡಿರಲಿಲ್ಲ. ಕುಣಿಯ ತಳದ ರಕ್ತ ಎಡಗಾಲಿನದಲ್ಲ.

"ಇದಕ್ಕೇನ ಹಚ್ಚೀರಿ?" ಅಂದರು ಡಾಕ್ಟರ್, ಸ್ಪಿರಿಟಿನ ಹತ್ತಿಯಿಂದ ಒರೆಸುತ್ತ. ಹತ್ತಿಗೆ ಬಣ್ಣ ಹತ್ತಲಿಲ್ಲ. ಒತ್ತಿದರು, ಚುಚ್ಚಿದರು. ನಾಗಲಿಂಗ ಗೋಡೆ ನೋಡುತ್ತಿದ್ದ.

ಪ್ರಾಜಕ್ತಾ ಖಾನಾಪುರದಲ್ಲಿ ತೆಗೆದ ಹಳೆಯ ಚಿತ್ರವನ್ನು ಪಡದೆಗೆ ತಂದಳು. ಎಡಗಡೆ ಆ ಸುಳ್ಳು ಕಪ್ಪು. ಬಲಗಡೆ ಕೆಂಡದಂಥ ಪಾದ, ಕೊನೆಯ ಎರಡು ಬೆರಳ ತುದಿಯಲ್ಲಿ ತೆಳ್ಳಗೆ, ಉಗುರಿಗೆ ಬಳಿದಷ್ಟು ನೀಲಿ.

"ಅವತ್ತೂ ಇತ್ತು, ಸರ್. ನಾವೆಲ್ಲಾ ಎಡಗಾಲ ನೋಡಕೋತ ಕುಂತ್ವಿ." ಆಮೇಲೆ ಯಾರಿಗೂ ಅಲ್ಲದ ಹಾಗೆ, "ಕ್ಯಾಮೆರಾ ಹೇಳಿತ್ತು" ಅಂದಳು.

ಹಾರೆ ಬೀಳುವ ಮೊದಲೇ ಯಾವ ಬೆರಳು ಅಂತ ಕ್ಯಾಮೆರಾ ಅಲ್ಲಿ ಬಣ್ಣ ಹಚ್ಚಿ ಇಟ್ಟಿತ್ತು. ಅಲ್ಲಿ ರಕ್ತದ ಓಟ ಮೊದಲೇ ಕಡಿಮೆ ಇತ್ತು, ಪೆಟ್ಟು ಬಿದ್ದ ಮೇಲೆ ಪೂರಾ ನಿಂತಿತು ಅಂತ ಡಾಕ್ಟರ್ ಬಿಡಿಸಿ ಹೇಳಿದರು. ನಾಗಲಿಂಗ ತಲೆಯಾಡಿಸಿದ. ಅವರ ಲೆಕ್ಕ ಅವರಿಗೆ ಸರಿ. ಅವನ ಲೆಕ್ಕದಲ್ಲಿ ಕುಣಿ ತನಗೆ ಬೇಕಾದ್ದನ್ನು ತಾನೇ ಆರಿಸಿಕೊಂಡಿತ್ತು, ಅಗೆಯುವಾಗಲೇ ಮುಂಗಡ ರುಚಿಯನ್ನೂ ನೋಡಿತ್ತು.

ಬೆರಳು ತೆಗೆದರು. ಪಾದ ಉಳಿಯಿತು. ಡಾಕ್ಟರ್ ಅದನ್ನು ಗೆಲುವು ಅಂದರು, ಗೆಲುವೇ ಅದು. ಇನ್ನೊಂದಿಷ್ಟು ದಿನ ನೋಡದೆ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು. "ತಗದಿದ್ದನ್ನ ನಮಗ ಕೊಡ್ರಿ" ಅಂತ ನಾಗಲಿಂಗ ಕೇಳಿದಾಗ ಆಸ್ಪತ್ರೆಯವರು ಗೊಣಗಿದರು, ಸಹಿ ಹಾಕಿಸಿಕೊಂಡರು, ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಟ್ಟಿ ಕೊಟ್ಟರು. ಖಾನಾಪುರದ ಬಸ್ಸಿನಲ್ಲಿ ಆ ಡಬ್ಬಿ ನಿಂಗವ್ವನ ಮಡಿಲಲ್ಲಿತ್ತು. ಅದನ್ನು ಮಿಠಾಯಿ ಡಬ್ಬಿ ಅಂದುಕೊಂಡ ಪಕ್ಕದ ಹೆಂಗಸು, "ಕುಂದಾ ತಗೊಂಡ್ರೇನ್ರಿ ಬೆಳಗಾವ್ಯಾಗ?" ಅಂತ ಕೇಳಿದಳು. ನಿಂಗವ್ವ, "ಹೂನ್ರಿ" ಅಂದಳು.

ಹಳ್ಳದ ದಂಡೆಗೆ ಅವನು ಕೋಲೂರಿ ಹೋದ. ಕುಣಿ ಹಾಗೇ ಇತ್ತು. ಇಷ್ಟು ದಿನ ತೆರೆದಿದ್ದರೂ ಅಂಚು ಕುಸಿದಿರಲಿಲ್ಲ, ಒಂದು ಎಲೆ ಒಳಗೆ ಬಿದ್ದಿರಲಿಲ್ಲ. ಕೇರಿಯ ಯಾರೋ ಗುಡಿಸಿ ಇಟ್ಟಂತಿತ್ತು, ಕೇಳಿದರೆ ಯಾರೂ ಅತ್ತ ಹೋಗಿರಲಿಲ್ಲ. ಡಬ್ಬಿಯನ್ನು ಬಿಚ್ಚಿ, ಇದ್ದದ್ದನ್ನು ಬಾಳೆ ಎಲೆಯಲ್ಲಿಟ್ಟು, ಕೈ ಚಾಚಿ ಬಿಟ್ಟ. ಅಷ್ಟು ಆಳದ ಕುಣಿಯಲ್ಲಿ ಅದು ಎಲ್ಲಿ ಹೋಯಿತು ಅಂತ ಕಾಣಲಿಲ್ಲ. ಕಾಲಿಗೆ ಅಂತ ತೆಗೆದ ಕುಣಿ. ಸಿಕ್ಕಿದ್ದು ಇಷ್ಟು.

ಮಣ್ಣು ಎಳೆದ. ಯಾವ ಕುಣಿಯಾದರೂ ತೆಗೆದ ಮಣ್ಣನ್ನು ಪೂರಾ ತಿರುಗಿ ತಗೊಳ್ಳುವುದಿಲ್ಲ, ಮೇಲೆ ಗುಪ್ಪೆ ಉಳಿಯುತ್ತದೆ. ಈ ಕುಣಿ ಮಣ್ಣನ್ನೆಲ್ಲ ತಗೊಂಡು ನೆಲಮಟ್ಟಕ್ಕಿಂತ ಕೆಳಗೆ ನಿಂತಿತು. ಎಡಗಾಲನ್ನು, ಹೊಸ ಚರ್ಮದ ಆ ಎಡಗಾಲನ್ನು ತುಳಿಯಲು ಎತ್ತಿದವನು, ಎತ್ತಿದ ಕಾಲನ್ನು ಹಾಗೇ ಹಿಡಿದ. ಆಮೇಲೆ ಹಿಂದೆ ಸರಿದು ಸಲಿಕೆಯ ಬೆನ್ನಿನಿಂದ ಬಡಿದು ಗಟ್ಟಿ ಮಾಡಿದ. ಅವನ ಬದುಕಿನಲ್ಲಿ ತುಳಿಯದೆ ಮುಚ್ಚಿದ ಕುಣಿ ಅದೊಂದೇ.

ನಾಗಲಿಂಗ ಈಗಲೂ ಕುಣಿ ತೆಗೆಯುತ್ತಾನೆ, ಆಸ್ಪತ್ರೆಯವರು ಕೊಟ್ಟ ದಪ್ಪ ಬೂಟು ಹಾಕಿಕೊಂಡು. ಈಗಲೂ ಅಂಚಿನಲ್ಲೇ ನಿಲ್ಲುತ್ತಾನೆ, ಸ್ವಲ್ಪ ವಾಲಿಕೊಂಡು. ಚನ್ನಬಸಯ್ಯ ಹೆಣದ ತಲೆಯ ಮೇಲೆ ಪಾದ ಇಡುವ ಮುನ್ನ ಒಮ್ಮೆ ಅವನ ಬೂಟಿನ ಕಡೆ ನೋಡುತ್ತಾರೆ. ಆಗಾಗ ನಾಗಲಿಂಗ ಬೆಳಗಾವಿಗೆ ಹೋಗಿ ದೀಪದ ಬಳೆಯ ಎದುರು ಎರಡೂ ಪಾದ ಚಾಚಿ ಕೂರುತ್ತಾನೆ. ಏನು ಹಚ್ಚಿದರೂ ಮೊದಲೇ ಹೇಳುತ್ತಾನೆ, ಕೊಬ್ಬರಿ ಎಣ್ಣೆಯನ್ನು ಕೂಡ. "ಕೆಂಪ ಅದ ಕಾಕಾ, ಪೂರಾ ಕೆಂಪ" ಅನ್ನುತ್ತಾಳೆ ಪ್ರಾಜಕ್ತಾ. ಅವನು ಒಂದು ಅಂಚನ್ನೂ ಬಿಡದೆ, ಬೆರಳು ಬೆರಳಿನ ತುದಿ ನೋಡಿ, ಆಮೇಲೆ ಎದ್ದು ಬರುತ್ತಾನೆ.

ಊರಿಗೆ ಬಂದವನು ಮನೆಗೆ ಹೋಗುವ ಮೊದಲು ಹಳ್ಳದ ದಂಡೆಗೆ ಹೋಗುತ್ತಾನೆ. ಅಪ್ಪನ ಗುಪ್ಪೆಯ ಪಕ್ಕದ ನೆಲ ಪ್ರತಿ ಸಲವೂ ಸ್ವಲ್ಪ ತಗ್ಗಿರುತ್ತದೆ. ಒಂದು ಬುಟ್ಟಿ ಮಣ್ಣು ತಂದು ಸುರುವುತ್ತಾನೆ.